ಟಿಎಂಸಿ ಗೊತ್ತಿದ್ದವರಿಗೆ ಜಿಬಿ ಕಷ್ಟವಲ್ಲ

(ಸಿಂಧನೂರಿನಲ್ಲಿ ಪದವಿ ವಿದ್ಯಾರ್ಥಿಗಳು, ಕಂಪ್ಯೂಟರ್ ಸೆಂಟರ್ ನಡೆಸುವವರು ಮತ್ತು ಊರಿನ ಆಸಕ್ತರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ನಡುವೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಳೆಗಾಲ ಶುರುವಾಯಿತೆಂದರೆ ಈ ಭಾಗದ ವಾಟ್ಸಾಪ್ ಗ್ರೂಪುಗಳಲ್ಲಿ ಬೆಳಗ್ಗೆ ಬೆಳಗ್ಗೆನೇ ಒಂದು ಮೆಸೇಜ್ ಓಡಾಡುತ್ತದೆ. ತುಂಗಭದ್ರಾ ಡ್ಯಾಂ ಮಟ್ಟ ಇಷ್ಟು ಅಡಿ, ಒಳಹರಿವು ಇಷ್ಟು ಕ್ಯೂಸೆಕ್, ಸಂಗ್ರಹ ಇಷ್ಟು ಟಿಎಂಸಿ. ಎಡದಂಡೆ ನಾಲೆ ನಂಬಿ ಭತ್ತ ಬೆಳೆಯುವವರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಿಲ್ಲ. ಟಿಎಂಸಿ ಅಂದರೆ ಡ್ಯಾಂನಲ್ಲಿ ನಿಂತ ನೀರು. ಕ್ಯೂಸೆಕ್ ಅಂದರೆ ಹರಿಯುವ ನೀರು, ಒಂದು ಸೆಕೆಂಡಿಗೆ ಒಂದು ಘನ ಅಡಿ. ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಎಸ್ಸೆಸ್ಸೆಲ್ಸಿ ಓದದ ರೈತರೂ ಈ ಲೆಕ್ಕವನ್ನು ಬಾಯಲ್ಲೇ ಹೇಳಿಬಿಡುತ್ತಾರೆ.

ಅದೇ ಜನ ಮೊಬೈಲ್ ಅಂಗಡಿಗೆ ಹೋದಾಗ ಜಿಬಿ, ಎಂಬಿ, ಎಂಬಿಪಿಎಸ್ ಅಂದ ಕೂಡಲೇ "ಅದೆಲ್ಲ ಹುಡುಗರಿಗೆ ಗೊತ್ತು" ಅಂತ ಹಿಂದೆ ಸರಿಯುತ್ತಾರೆ. ಹುಡುಗರನ್ನು ಕೇಳಿದರೆ ಅವರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ನನಗೆ ಇದು ಬೇಸರದ ವಿಷಯ. ಯಾಕೆಂದರೆ ಎರಡೂ ಒಂದೇ ಲೆಕ್ಕ. ಜಿಬಿ ಅಂದರೆ ಎಷ್ಟು ತುಂಬಿದೆ ಅನ್ನುವ ಅಳತೆ, ಟಿಎಂಸಿ ಇದ್ದ ಹಾಗೆ. ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಎಷ್ಟು ಹರಿಯುತ್ತಿದೆ ಅನ್ನುವ ಅಳತೆ, ಕ್ಯೂಸೆಕ್ ಇದ್ದ ಹಾಗೆ. ಇನ್ನೂ ಒಂದು ಹೋಲಿಕೆ ಇದೆ, ಅದನ್ನು ಗಮನಿಸಿದವರು ಕಡಿಮೆ. ಟಿಎಂಸಿ ಅಂದರೆ ಸಾವಿರ ಮಿಲಿಯನ್ ಘನ ಅಡಿ, ಅಂದರೆ ನೂರು ಕೋಟಿ ಘನ ಅಡಿ. ಗಿಗಾ ಅಂದರೂ ನೂರು ಕೋಟಿಯೇ. ಒಂದು ಗಿಗಾಬೈಟ್ ಅಂದರೆ ನೂರು ಕೋಟಿ ಬೈಟ್.

ಹಾಗಾಗಿ ದಿನಕ್ಕೆ 1 ಜಿಬಿ ಪ್ಲಾನ್ ಹಾಕಿಸಿಕೊಂಡವರು ಅದನ್ನು ಇಪ್ಪತ್ನಾಲ್ಕು ಗಂಟೆಗೆ ಸಮನಾಗಿ ಹಂಚಿದರೆ ಸೆಕೆಂಡಿಗೆ ಎಷ್ಟು ಬೈಟ್ ಬರುತ್ತದೆ ಹೇಳಿ? ಅದೇ 11,574. ಅಂಕಿ ಒಂದೇ, ಅಳತೆ ಮಾತ್ರ ಬೇರೆ.

ಈಗ ಬೈಟ್ ಅಂದರೆ ಏನು ಅಂತ ನೋಡೋಣ. ಕಂಪ್ಯೂಟರ್ ಎಲ್ಲವನ್ನೂ ಇಡುವುದು 0 ಮತ್ತು 1ರಲ್ಲಿ. 0 ಅಥವಾ 1 ಕೂರುವ ಒಂದು ಮನೆಗೆ ಬಿಟ್ ಅಂತ ಹೆಸರು. ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಈ ಹೆಸರು ಅಚ್ಚಾಯಿತು. ಹೆಸರು ಕೊಟ್ಟವರು ಜಾನ್ ಟ್ಯೂಕಿ ಅಂತ ಶಾನನ್ ಅಲ್ಲೇ ಬರೆದಿದ್ದಾರೆ. ಬಿಟ್‌ಗಳ ಗುಂಪಿಗೆ ಬೈಟ್ ಅಂತ ಹೆಸರಿಟ್ಟವರು ಐಬಿಎಂನ ವರ್ನರ್ ಬುಕೋಲ್ಜ್, 1956ರಲ್ಲಿ. ಆಗ ಒಂದು ಗುಂಪಿಗೆ ಎಷ್ಟು ಬಿಟ್ ಅನ್ನುವುದು ಯಂತ್ರದಿಂದ ಯಂತ್ರಕ್ಕೆ ಬೇರೆ ಇರುತ್ತಿತ್ತು. ಆರು ಬಿಟ್‌ನಲ್ಲಿ ಒಂದು ಅಕ್ಷರ ಇಡುವ ಯಂತ್ರಗಳೂ ಇದ್ದವು. 1964ರಲ್ಲಿ ಐಬಿಎಂ ತನ್ನ ಸಿಸ್ಟಂ/360 ಅನ್ನುವ ಕಂಪ್ಯೂಟರ್ ಸಾಲನ್ನು ಪ್ರಕಟಿಸಿದ ಮೇಲೆ ಎಂಟು ಬಿಟ್‌ಗೆ ಒಂದು ಬೈಟ್ ಅನ್ನುವುದು ಗಟ್ಟಿಯಾಯಿತು. ಇವತ್ತಿಗೂ ಅದೇ.

ಈ ಎಂಟನ್ನು ಮಾತ್ರ ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಿ. ಇಂಟರ್ನೆಟ್ ಕಂಪನಿಯವರು ವೇಗ ಹೇಳುವುದು ಬಿಟ್‌ನಲ್ಲಿ. ಫೈಲ್ ಎಷ್ಟು ದೊಡ್ಡದು ಅಂತ ಕಂಪ್ಯೂಟರ್ ತೋರಿಸುವುದು ಬೈಟ್‌ನಲ್ಲಿ. ಇಂಗ್ಲಿಷ್‌ನಲ್ಲಿ ಬರೆದಾಗ ಚಿಕ್ಕ ಬಿ ಇದ್ದರೆ ಬಿಟ್, ದೊಡ್ಡ ಬಿ ಇದ್ದರೆ ಬೈಟ್. ಒಂದು ಅಕ್ಷರದ ಗಾತ್ರದಲ್ಲಿ ಎಂಟು ಪಟ್ಟು ವ್ಯತ್ಯಾಸ ಅಡಗಿ ಕೂತಿದೆ. ಕನ್ನಡದಲ್ಲಿ ಬರೆಯುವಾಗಂತೂ ದೊಡ್ಡದು ಚಿಕ್ಕದು ಅನ್ನುವುದೇ ಇಲ್ಲ, ಎಂಬಿ ಅಂದರೆ ಮೆಗಾಬಿಟ್ಟೋ ಮೆಗಾಬೈಟೋ ತಿಳಿಯುವುದಿಲ್ಲ. ಅದಕ್ಕೇ ಕನ್ನಡದಲ್ಲಿ ಬರೆಯುವವರು ಕನಿಷ್ಠ ಒಂದು ಸಲವಾದರೂ ಪೂರ್ತಿ ಹೆಸರು ಬರೆಯಬೇಕು ಅಂತ ನನ್ನ ಅಭಿಪ್ರಾಯ.

ಮನೆಗೆ 40 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 40 ಮೆಗಾಬಿಟ್ ವೇಗದ ಫೈಬರ್ ಹಾಕಿಸಿದ್ದೀರಿ ಅಂತ ಇಟ್ಟುಕೊಳ್ಳಿ. 40 ಎಂಬಿಯ ಫೈಲ್ ಒಂದು ಸೆಕೆಂಡಿಗೆ ಬರಬೇಕಲ್ಲ, ಬರಲಿಲ್ಲ, ಮೋಸ ಅಂತ ಅನ್ನಬೇಡಿ. 40ನ್ನು ಎಂಟರಿಂದ ಭಾಗಿಸಿ, 5. ಸೆಕೆಂಡಿಗೆ 5 ಮೆಗಾಬೈಟ್. ಒಂದು ಗಿಗಾಬೈಟ್ ಸಿನಿಮಾ ಇಳಿಯಲು 200 ಸೆಕೆಂಡ್ ಬೇಕು, ಮೂರು ನಿಮಿಷ ಇಪ್ಪತ್ತು ಸೆಕೆಂಡ್. ನಿಜದಲ್ಲಿ ಸ್ವಲ್ಪ ಜಾಸ್ತಿಯೇ ಹಿಡಿಯುತ್ತದೆ. ಫೈಲನ್ನು ಚೂರು ಚೂರು ಮಾಡಿ ಕಳಿಸುವಾಗ ಪ್ರತಿ ಚೂರಿಗೂ ವಿಳಾಸ ಅಂಟಿಸಿರುತ್ತಾರೆ, ಆ ವಿಳಾಸಕ್ಕೂ ಜಾಗ ಬೇಕಲ್ಲ.

ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದು ಕೇಳಿದರು: "ಅಲ್ರೀ ಸರ್, ದಿನದ ಡಾಟಾ ಮುಗಿದ ಮ್ಯಾಲೆ 64 ಕೆಬಿಪಿಎಸ್ ಸ್ಪೀಡಿಗೆ ಓಡತೈತಿ ಅಂತ ಮೆಸೇಜ್ ಬರತೈತಲ್ರೀ, ಅದು ಏನಕ್ಕಾದ್ರೂ ಉಪಯೋಗ ಐತೇನ್ರೀ?"

ಯಜಮಾನರು ಒಳ್ಳೇ ಪ್ರಶ್ನೆ ಕೇಳಿದರು. ಲೆಕ್ಕ ಹಾಕೋಣ. 64 ಕಿಲೋಬಿಟ್ಟನ್ನು ಎಂಟರಿಂದ ಭಾಗಿಸಿದರೆ 8 ಕಿಲೋಬೈಟ್. ಸೆಕೆಂಡಿಗೆ 8,000 ಬೈಟ್. ಬರೀ ಅಕ್ಷರದ ಮೆಸೇಜ್ ಕಳಿಸಲು ಇಷ್ಟು ಧಾರಾಳ ಸಾಕು. ಆದರೆ ಮೊಬೈಲ್‌ನಲ್ಲಿ ತೆಗೆದ 5 ಎಂಬಿ ಫೋಟೋ ಹಾಗೇ ಕಳಿಸಿದರೆ 50 ಲಕ್ಷ ಬೈಟ್ ಭಾಗಿಸು 8,000, 625 ಸೆಕೆಂಡ್. ಹತ್ತು ನಿಮಿಷ ದಾಟುತ್ತದೆ. ವಿಡಿಯೋ ನೋಡುವ ಮಾತೇ ಇಲ್ಲ. ಹಾಗಂತ ಅದು ಸುಮ್ನೆ ಹೆಸರಿಗೆ ಇರುವ ವೇಗವೂ ಅಲ್ಲ. ಇಡೀ ದಿನ ಬಿಡದೆ ಹರಿದರೆ 8,000 ಗುಣಿಸು 86,400, 69 ಕೋಟಿ 12 ಲಕ್ಷ ಬೈಟ್. ಅಂದರೆ ಒಂದು ಜಿಬಿಯ ಮೂರನೇ ಎರಡು ಭಾಗಕ್ಕಿಂತ ಸ್ವಲ್ಪ ಜಾಸ್ತಿ! ಸಣ್ಣ ತೂಬಿನಲ್ಲಿ ಹರಿದರೂ ರಾತ್ರಿ ಹಗಲು ಹರಿದರೆ ಹೊಲ ನೆನೆಯುತ್ತದೆ ಅನ್ನುವುದು ನಿಮಗೆ ನಾನು ಹೇಳಬೇಕಾ?

ಇದೇ ಪ್ರಶ್ನೆಗೆ ಸೇರಿಸಿ ಇನ್ನೊಂದು ಮಾತು. ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಅಂತ ಕರೆಯಲು ಕನಿಷ್ಠ ಇಷ್ಟು ವೇಗ ಇರಬೇಕು ಅಂತ ಸರ್ಕಾರದ ನಿಯಮ ಇದೆ. 2004ರ ನೀತಿಯಲ್ಲಿ ಅದು 256 ಕೆಬಿಪಿಎಸ್ ಇತ್ತು. ಆಮೇಲೆ 512 ಆಯಿತು. 2023ರಲ್ಲಿ 2 ಎಂಬಿಪಿಎಸ್‌ಗೆ ಏರಿತು. ಬೈಟ್‌ಗೆ ಇಳಿಸಿದರೆ ಸೆಕೆಂಡಿಗೆ ಎರಡೂವರೆ ಲಕ್ಷ ಬೈಟ್. ಈಗಿನ ಕಾಲಕ್ಕೆ ಅದೂ ಕಡಿಮೆಯೇ.

ಇನ್ನು ಕಿಲೋ, ಮೆಗಾ, ಗಿಗಾ, ಟೆರಾ. ಇವನ್ನು ನಮ್ಮ ಎಣಿಕೆಯಲ್ಲಿ ಹೇಳಿಕೊಂಡರೆ ಮರೆಯುವುದೇ ಇಲ್ಲ. ಕಿಲೋ ಸಾವಿರ, ಮೆಗಾ ಹತ್ತು ಲಕ್ಷ, ಗಿಗಾ ನೂರು ಕೋಟಿ, ಟೆರಾ ಲಕ್ಷ ಕೋಟಿ. ರಾಜ್ಯ ಬಜೆಟ್ ಸುದ್ದಿಯಲ್ಲಿ ಲಕ್ಷ ಕೋಟಿ ಅಂತ ಕೇಳುತ್ತೀರಲ್ಲ, ಅದು ಟೆರಾ. ಶಕ್ತಿನಗರದ ಆರ್‌ಟಿಪಿಎಸ್ ಅನ್ನುವ ಉಷ್ಣ ವಿದ್ಯುತ್ ಕೇಂದ್ರದ ಸಾಮರ್ಥ್ಯ 1,720 ಮೆಗಾವ್ಯಾಟ್ ಅಂದರೆ 172 ಕೋಟಿ ವ್ಯಾಟ್. ವಿದ್ಯುತ್ತಿನಲ್ಲಿ, ತೂಕದಲ್ಲಿ, ದೂರದಲ್ಲಿ ಕಿಲೋ ಅಂದರೆ ಸಾವಿರವೇ, ಒಂದೂ ಹೆಚ್ಚಿಲ್ಲ ಒಂದೂ ಕಡಿಮೆ ಇಲ್ಲ.

ಕಂಪ್ಯೂಟರಿನಲ್ಲಿ ಮಾತ್ರ ಇನ್ನೊಂದು ಕಿಲೋ ಹುಟ್ಟಿಕೊಂಡಿತು, 1,024ರ ಕಿಲೋ. ಇದಕ್ಕೆ ಕಾರಣ ಇದೆ. ಮೆಮೊರಿ ಚಿಪ್‌ನಲ್ಲಿ ಪ್ರತಿ ಮನೆಗೂ ಒಂದು ನಂಬರ್ ಇರಬೇಕು. ಆ ನಂಬರನ್ನು ತಂತಿಗಳ ಮೇಲೆ 0 ಮತ್ತು 1 ಆಗಿ ಕಳಿಸುತ್ತಾರೆ. ಒಂದು ತಂತಿ ಇದ್ದರೆ ಎರಡು ಮನೆ, ಎರಡು ತಂತಿ ಇದ್ದರೆ ನಾಲ್ಕು, ಮೂರಿದ್ದರೆ ಎಂಟು. ಹೀಗೆ ಇಮ್ಮಡಿಸುತ್ತಾ ಹತ್ತು ತಂತಿಗೆ 1,024 ಮನೆ. ಸಾವಿರಕ್ಕೆ ನಿಲ್ಲಿಸಿದರೆ 24 ನಂಬರ್ ದಂಡ. ಹಾಗಾಗಿ ಚಿಪ್ ಮಾಡುವವರು 1,024ಕ್ಕೇ ಮಾಡಿದರು. ಸಾವಿರಕ್ಕೆ ಹತ್ತಿರ ಇದೆಯಲ್ಲ ಅಂತ ಅದನ್ನೂ ಕಿಲೋ ಅಂತಲೇ ಕರೆದರು. ಆಗಿನ ಕಾಲಕ್ಕೆ ನೂರಕ್ಕೆ ಎರಡೂವರೆಯಷ್ಟೂ ವ್ಯತ್ಯಾಸ ಇರಲಿಲ್ಲ, ಯಾರಿಗೂ ತೊಂದರೆ ಆಗಲಿಲ್ಲ.

ತೊಂದರೆ ಬಂದದ್ದು ಮೇಲೆ ಮೇಲೆ ಹೋದಂತೆ. 1,024 ಗುಣಿಸು 1,024 ಮಾಡಿದರೆ 10,48,576. ಹತ್ತು ಲಕ್ಷಕ್ಕಿಂತ 48 ಸಾವಿರ ಜಾಸ್ತಿ. ಇನ್ನೊಂದು ಸಲ ಗುಣಿಸಿದರೆ 107,37,41,824. ನೂರು ಕೋಟಿಗಿಂತ ಏಳು ಕೋಟಿ 37 ಲಕ್ಷ ಜಾಸ್ತಿ. ಟೆರಾಕ್ಕೆ ಹೋದರೆ ವ್ಯತ್ಯಾಸ ನೂರಕ್ಕೆ ಹತ್ತು ಆಗುತ್ತದೆ.

ಇದು ನಿಮ್ಮ ಕೈಗೆ ಸಿಗುವುದು ಪೆನ್‌ಡ್ರೈವ್‌ನಲ್ಲಿ. ಪೊಟ್ಟಣದ ಮೇಲೆ 64 ಜಿಬಿ ಅಂತ ಇರುತ್ತದೆ. ಕಂಪ್ಯೂಟರಿಗೆ ಚುಚ್ಚಿದರೆ ವಿಂಡೋಸ್ 59 ಚಿಲ್ಲರೆ ಜಿಬಿ ತೋರಿಸುತ್ತದೆ. ಅಂಗಡಿಯವರ ಜೊತೆ ಜಗಳ ಆಗುವುದೂ ಉಂಟು. ಲೆಕ್ಕ ನೋಡಿ. ಪೆನ್‌ಡ್ರೈವ್ ಮಾಡಿದವರು ಸಾವಿರದ ಲೆಕ್ಕದಲ್ಲಿ 6,400 ಕೋಟಿ ಬೈಟ್ ಕೊಟ್ಟಿದ್ದಾರೆ. ವಿಂಡೋಸ್ ಆ 6,400 ಕೋಟಿಯನ್ನು 107,37,41,824ರಿಂದ ಭಾಗಿಸುತ್ತದೆ, 59.6 ಬರುತ್ತದೆ. ಒಂದು ಬೈಟೂ ಕಳೆದಿಲ್ಲ. ಅದೇ ರೀತಿ 500 ಜಿಬಿ ಹಾರ್ಡ್ ಡಿಸ್ಕ್ 465 ಆಗುತ್ತದೆ, 1 ಟೆರಾಬೈಟ್ ಡಿಸ್ಕ್ 931 ಜಿಬಿ ಆಗುತ್ತದೆ. ಅಮೆರಿಕದಲ್ಲಿ ಗ್ರಾಹಕರು ಈ ವಿಷಯಕ್ಕೆ ಕೋರ್ಟಿಗೇ ಹೋಗಿದ್ದರು. ವೆಸ್ಟರ್ನ್ ಡಿಜಿಟಲ್ ಕಂಪನಿ 2006ರಲ್ಲಿ, ಸೀಗೇಟ್ 2007ರಲ್ಲಿ ರಾಜಿ ಮಾಡಿಕೊಂಡವು. ಇದರಲ್ಲಿ ಡಿಸ್ಕ್ ಕಂಪನಿಗಳ ತಪ್ಪಿಗಿಂತ ವಿಂಡೋಸ್ ಕೊಡುವ ಹೆಸರಿನ ತಪ್ಪೇ ಜಾಸ್ತಿ ಅಂತ ನನಗೆ ಅನಿಸುತ್ತದೆ. ಕಿಲೋ, ಮೆಗಾ, ಗಿಗಾ ಇಡೀ ಪ್ರಪಂಚ ಒಪ್ಪಿದ ಹೆಸರುಗಳು. ಅವಕ್ಕೆ ಬೇರೆ ಬೆಲೆ ಕಟ್ಟಬಾರದು.

ಇದಕ್ಕೆ ಪರಿಹಾರವೂ ಬಂದಿದೆ. ಅಂತಾರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ, ಅಂದರೆ ಐಇಸಿ, 1998ರಲ್ಲಿ 1,024ರ ಲೆಕ್ಕಕ್ಕೆ ಬೇರೆ ಹೆಸರು ಕೊಟ್ಟಿತು: ಕಿಬಿ, ಮೆಬಿ, ಗಿಬಿ, ಟೆಬಿ. ಆ ಪ್ರಕಾರ ನಿಮ್ಮ ಪೆನ್‌ಡ್ರೈವ್ 64 ಗಿಗಾಬೈಟೂ ಹೌದು, 59.6 ಗಿಬಿಬೈಟೂ ಹೌದು, ಎರಡೂ ಸರಿ. ಆಪಲ್ ಕಂಪನಿ 2009ರಿಂದ ತನ್ನ ಮ್ಯಾಕ್ ಕಂಪ್ಯೂಟರಿನಲ್ಲಿ ಡಿಸ್ಕನ್ನು ಸಾವಿರದ ಲೆಕ್ಕದಲ್ಲೇ ತೋರಿಸುತ್ತಿದೆ. ವಿಂಡೋಸ್ ಇನ್ನೂ 1,024ರಿಂದ ಭಾಗಿಸಿ ಜಿಬಿ ಅಂತಲೇ ಬರೆಯುತ್ತಿದೆ. ರ‍್ಯಾಮ್ (ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ಮೆಮೊರಿ) ಮಾತ್ರ ನಿಜಕ್ಕೂ 1,024ರ ಲೆಕ್ಕದ್ದೇ. 8 ಜಿಬಿ ರ‍್ಯಾಮ್ ಅಂದರೆ 8 ಗಿಬಿಬೈಟ್.

ಹೊಸ ಮೊಬೈಲ್‌ನಲ್ಲಿ 128 ಜಿಬಿ ಇದ್ದೂ ಖಾಲಿ ಜಾಗ ನೂರರ ಹತ್ತಿರ ತೋರಿಸುವುದಕ್ಕೆ ಕಾರಣ ಬೇರೆ. ಆಂಡ್ರಾಯ್ಡ್ ಮತ್ತು ಕಂಪನಿಯವರು ಮೊದಲೇ ತುಂಬಿಸಿದ ಆಪ್‌ಗಳು ಆ ಜಾಗ ಹಿಡಿದಿರುತ್ತವೆ. ಅದನ್ನು ಇದರ ಜೊತೆ ಬೆರೆಸಬೇಡಿ.

ಇಷ್ಟೆಲ್ಲಾ ಲೆಕ್ಕದಲ್ಲಿ ನಾನು ಮಾಡಿದ್ದು ಒಂದೇ ಕೆಲಸ. ಮೊದಲು ಬೈಟಿಗೆ ಇಳಿಸಿದೆ, ಆಮೇಲೆ ಬೇಕಾದ ಅಳತೆಗೆ ಏರಿಸಿದೆ. ಬಿಟ್ ಇದ್ದರೆ ಎಂಟರಿಂದ ಭಾಗಿಸಿ ಬೈಟ್ ಮಾಡಿ. ಜಿಬಿ ಇದ್ದರೆ ನೂರು ಕೋಟಿಯಿಂದ ಗುಣಿಸಿ ಬೈಟ್ ಮಾಡಿ. ಬೈಟ್‌ನಲ್ಲಿ ನಿಂತರೆ ಗೊಂದಲವೇ ಇಲ್ಲ. ಜಿಬಿಯಿಂದ ನೇರವಾಗಿ ಎಂಬಿಪಿಎಸ್‌ಗೆ ಹಾರಲು ಹೋದಾಗಲೇ ಲೆಕ್ಕ ಎಡವುವುದು.

ಇಲ್ಲಿರುವ ಎಷ್ಟೋ ಹುಡುಗ ಹುಡುಗಿಯರು ಬ್ಯಾಂಕ್ ಪರೀಕ್ಷೆಗೆ ಅರ್ಜಿ ಹಾಕಿರುತ್ತೀರಿ. ಐಬಿಪಿಎಸ್ ಅರ್ಜಿಯಲ್ಲಿ ಫೋಟೋ 20ರಿಂದ 50 ಕೆಬಿ ಒಳಗೆ ಇರಬೇಕು, ಸಹಿ 10ರಿಂದ 20 ಕೆಬಿ. ಕೊನೇ ದಿನ ಸೆಂಟರಿನ ಮುಂದೆ ಸಾಲು ನಿಂತಿರುತ್ತದೆ, ಫೋಟೋ ಅಪ್‌ಲೋಡ್ ಆಗುವುದಿಲ್ಲ. ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿದ್ದರೆ ಗಾಬರಿ ಆಗುವುದಿಲ್ಲ. ಫೋಟೋ ಅಂದರೆ ಚುಕ್ಕಿಗಳ ಸಾಲು. ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಅಂತ ಮೂರು ಬೈಟ್. ಮೊಬೈಲ್‌ನ 12 ಮೆಗಾಪಿಕ್ಸೆಲ್ ಫೋಟೋದಲ್ಲಿ 4,000 ಗುಣಿಸು 3,000, ಒಂದು ಕೋಟಿ 20 ಲಕ್ಷ ಚುಕ್ಕಿ. ಮೂರರಿಂದ ಗುಣಿಸಿದರೆ 3 ಕೋಟಿ 60 ಲಕ್ಷ ಬೈಟ್, 36 ಎಂಬಿ. ಫೋಟೋವನ್ನು ಚಿಕ್ಕದು ಮಾಡಿ ಇಡುವ ಜೆಪೆಗ್ ಅನ್ನುವ ವಿಧಾನ ಅದನ್ನು ಹಿಂಡಿ ಮೂರು, ನಾಲ್ಕು, ಐದು ಎಂಬಿಗೆ ತರುತ್ತದೆ. ಅದನ್ನು ಇನ್ನೂ ಹಿಂಡಿ 50 ಕೆಬಿಗೆ ತಂದರೆ ಮುಖ ಚೌಕ ಚೌಕ ಆಗಿ ಕೆಟ್ಟು ಹೋಗುತ್ತದೆ.

ಸರಿಯಾದ ದಾರಿ ಮೊದಲು ಚುಕ್ಕಿ ಕಡಿಮೆ ಮಾಡುವುದು. ಆ ಅರ್ಜಿಗೆ ಬೇಕಾದದ್ದು 200 ಅಗಲ, 230 ಎತ್ತರ. ಗುಣಿಸಿದರೆ 46,000 ಚುಕ್ಕಿ, ಮೂರು ಪಟ್ಟು 1,38,000 ಬೈಟ್. ಹಿಂಡದೇ ಇದ್ದರೂ 138 ಕೆಬಿ ಅಷ್ಟೇ! ಜೆಪೆಗ್ ಮಾಡಿದರೆ 20ರಿಂದ 50 ಕೆಬಿ ಒಳಗೆ ಕೂರಿಸಲು ಕಷ್ಟವೇ ಇಲ್ಲ, ಮುಖವೂ ಚೆನ್ನಾಗಿರುತ್ತದೆ. 20ಕ್ಕಿಂತ ಕಡಿಮೆ ಬಂದರೆ ಕ್ವಾಲಿಟಿ ಸ್ವಲ್ಪ ಏರಿಸಿದರಾಯಿತು. ಅಗಲ, ಎತ್ತರ ಎರಡನ್ನೂ ಅರ್ಧ ಮಾಡಿದರೆ ಚುಕ್ಕಿ ಕಾಲು ಭಾಗಕ್ಕೆ ಇಳಿಯುತ್ತದೆ ಅನ್ನುವುದನ್ನು ಸೆಂಟರ್ ನಡೆಸುವವರು ನೆನಪಿಡಿ. ದುಡ್ಡು ಕೊಟ್ಟು ಅರ್ಜಿ ಹಾಕುವ ಮಕ್ಕಳ ಫೋಟೋ ಅದು, ಚೆನ್ನಾಗಿ ಕಾಣಬೇಕು.

ಈಗ ನನಗೆ ಬಹಳ ಇಷ್ಟವಾದ ವಿಷಯ. ಕನ್ನಡಕ್ಕೆ ಎಷ್ಟು ಬೈಟ್ ಬೇಕು?

ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಯೂನಿಕೋಡ್ ಅಂದರೆ ಜಗತ್ತಿನ ಲಿಪಿಗಳ ಪ್ರತಿ ಚಿಹ್ನೆಗೂ ಒಂದು ನಂಬರ್ ಕೊಡುವ ಪಟ್ಟಿ. ಇಂಟರ್ನೆಟ್‌ನಲ್ಲಿ ಅದನ್ನು ಬೈಟ್ ಆಗಿ ಇಡುವ ರೀತಿಗೆ ಯುಟಿಎಫ್-8 ಅಂತ ಹೆಸರು. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಸೇರಿ ರೂಪಿಸಿದ್ದು. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ಚಿಹ್ನೆ ಅಂದೆ, ಅಕ್ಷರ ಅನ್ನಲಿಲ್ಲ. ನಮ್ಮೂರಿನ ಹೆಸರನ್ನೇ ತಗೊಳ್ಳಿ. ಸಿಂಧನೂರು ಅಂದರೆ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ: ಸಿಂ, ಧ, ನೂ, ರು. ಕಂಪ್ಯೂಟರಿಗೆ ಎಂಟು ಚಿಹ್ನೆ: ಸ, ಗುಡಿಸು, ಸೊನ್ನೆ, ಧ, ನ, ಕೊಂಬಿನ ದೀರ್ಘ, ರ, ಕೊಂಬು. ಎಂಟು ಮೂರಲೆ 24 ಬೈಟ್. ಇಂಗ್ಲಿಷ್‌ನಲ್ಲಿ ಬರೆದರೆ ಒಂಬತ್ತೇ ಬೈಟ್.

ಎಸ್ಎಂಎಸ್‌ನಲ್ಲಿ ಇದು ದುಡ್ಡಿನ ಪ್ರಶ್ನೆ ಆಗುತ್ತದೆ. ಒಂದು ಎಸ್ಎಂಎಸ್ ಅಂದರೆ 140 ಬೈಟ್. ಎಂಟರಿಂದ ಗುಣಿಸಿ, 1,120 ಬಿಟ್. ಇಂಗ್ಲಿಷ್ ಅಕ್ಷರಕ್ಕೆ ಅಲ್ಲಿ ಏಳೇ ಬಿಟ್ ಕೊಡುತ್ತಾರೆ, ಹಾಗಾಗಿ 160 ಅಕ್ಷರ ಹಿಡಿಯುತ್ತದೆ. ಕನ್ನಡದ ಚಿಹ್ನೆಗೆ ಅಲ್ಲಿ 16 ಬಿಟ್ ಬೇಕು, 1,120 ಭಾಗಿಸು 16, ಎಪ್ಪತ್ತೇ ಚಿಹ್ನೆ. ಶಾಲೆಯವರೋ ಸೊಸೈಟಿಯವರೋ ಪೋಷಕರಿಗೆ, ರೈತರಿಗೆ ಕನ್ನಡದಲ್ಲಿ ಮೆಸೇಜ್ ಕಳಿಸಿದರೆ ಒಂದು ಎಸ್ಎಂಎಸ್ ಆಗುವ ಜಾಗದಲ್ಲಿ ಎರಡು ಮೂರು ಆಗುವುದು ಇದಕ್ಕೇ. ಒಂದೇ ಒಂದು ಕನ್ನಡ ಚಿಹ್ನೆ ಸೇರಿಸಿದರೂ ಇಡೀ ಮೆಸೇಜ್ 16 ಬಿಟ್ ಲೆಕ್ಕಕ್ಕೆ ಹೋಗುತ್ತದೆ. ಹಾಗಂತ ಕನ್ನಡ ಬಿಟ್ಟು ಇಂಗ್ಲಿಷ್ ಲಿಪಿಯಲ್ಲಿ ಕಳಿಸಿ ಅಂತ ನಾನು ಖಂಡಿತ ಹೇಳುವುದಿಲ್ಲ. ಓದುವವರಿಗೆ ತಿಳಿಯದ ಮೆಸೇಜ್ ಎಷ್ಟು ಅಗ್ಗವಾದರೂ ದುಬಾರಿಯೇ. ಎಪ್ಪತ್ತರ ಲೆಕ್ಕ ಗೊತ್ತಿದ್ದರೆ ಕನ್ನಡದಲ್ಲೇ ಚಿಕ್ಕದಾಗಿ, ಚೊಕ್ಕವಾಗಿ ಬರೆಯಬಹುದು.

ಇಂಟರ್ನೆಟ್‌ನಲ್ಲಂತೂ ಮೂರು ಬೈಟ್ ಒಂದು ಹೊರೆಯೇ ಅಲ್ಲ. 300 ಪುಟದ ಕಾದಂಬರಿ ಇದೆ ಅಂತ ಇಟ್ಟುಕೊಳ್ಳಿ. ಪುಟಕ್ಕೆ 1,500 ಚಿಹ್ನೆ ಹಿಡಿದರೆ ನಾಲ್ಕೂವರೆ ಲಕ್ಷ ಚಿಹ್ನೆ, ಮೂರು ಪಟ್ಟು ಹದಿಮೂರೂವರೆ ಲಕ್ಷ ಬೈಟ್. ಇಡೀ ಕಾದಂಬರಿ ನಿಮ್ಮ ಮೊಬೈಲ್‌ನ ಒಂದು ಫೋಟೋದ ಅರ್ಧದಷ್ಟೂ ಇಲ್ಲ. ಹಳೇ ಫ್ಲಾಪಿ ನೆನಪಿರುವವರು ಇಲ್ಲಿ ಕೆಲವರು ಇದ್ದೀರಿ, ಅದರಲ್ಲೂ ಹಿಡಿಯುತ್ತದೆ. 1.44 ಎಂಬಿ ಫ್ಲಾಪಿಯಲ್ಲಿ ಇದ್ದದ್ದು 14,74,560 ಬೈಟ್. ಆ 1.44 ಅನ್ನುವುದು ಸಾವಿರದ ಲೆಕ್ಕವೂ ಅಲ್ಲ, 1,024ರ ಲೆಕ್ಕವೂ ಅಲ್ಲ. 1,440ನ್ನು 1,024ರಿಂದ ಗುಣಿಸಿ, ಆಮೇಲೆ ಸಾವಿರದ ಹೆಸರು ಕೊಟ್ಟಿದ್ದು. ಅರ್ಧ ಇದು, ಅರ್ಧ ಅದು. ಕೋಟಿಗಟ್ಟಲೆ ಜನ ಬಳಸಿದ ವಸ್ತುವಿನ ಮೇಲೆ ಇಂಥ ಅಂಕಿ ಅಚ್ಚಾಗಿತ್ತು.

ಕೊನೆಯ ಪ್ರಶ್ನೆ ಮದುವೆ ವಿಡಿಯೋ ಮಾಡುವ ತಮ್ಮನೊಬ್ಬನಿಂದ ಬಂತು. "ಸರ್, ಒಂದು ಮದುವೆ ಅಂದ್ರ 60 ಜಿಬಿ ಆಗತೈತ್ರೀ. ಎಡಿಟಿಂಗಿಗೆ ರಾಯಚೂರಿಗೆ ಕಳಸಬೇಕು. ನಮ್ದು ಅಪ್‌ಲೋಡ್ 20 ಎಂಬಿಪಿಎಸ್. ಆನ್‌ಲೈನಿನ್ಯಾಗ ಕಳಸ್ಲೋ, ಹಾರ್ಡ್ ಡಿಸ್ಕ್ ಬಸ್ಸಿಗೆ ಕೊಟ್ಟು ಕಳಸ್ಲೋ?"

ಬಾರಪ್ಪ, ನೀನೇ ಬೋರ್ಡಿನ ಮೇಲೆ ಹಾಕು ಅಂತ ಕರೆದೆ. ಅವನೇ ಹಾಕಿದ. 20 ಭಾಗಿಸು 8, ಸೆಕೆಂಡಿಗೆ ಎರಡೂವರೆ ಎಂಬಿ, 25 ಲಕ್ಷ ಬೈಟ್. 60 ಜಿಬಿ ಅಂದರೆ 6,000 ಕೋಟಿ ಬೈಟ್. ಭಾಗಿಸಿದರೆ 24,000 ಸೆಕೆಂಡ್. ಆರು ಗಂಟೆ ನಲವತ್ತು ನಿಮಿಷ, ಅದೂ ನಡುವೆ ಕರೆಂಟ್ ಹೋಗದೆ ಇದ್ದರೆ. ಬಸ್ಸಿಗೆ ಎರಡೂವರೆ ಗಂಟೆ ಹಿಡಿಯೋಣ. ಡಿಸ್ಕಿಗೆ ಕಾಪಿ ಮಾಡಲು ಸೆಕೆಂಡಿಗೆ 100 ಎಂಬಿಯಂತೆ ಹತ್ತು ನಿಮಿಷ, ಅಲ್ಲಿ ಇಳಿಸಿಕೊಳ್ಳಲು ಇನ್ನೊಂದು ಹತ್ತು. ಒಟ್ಟು ಮೂರು ಗಂಟೆ ಒಳಗೇ ಮುಗಿಯಿತು. ಅದೇ ಡಿಸ್ಕಿನಲ್ಲಿ 500 ಜಿಬಿ ತುಂಬಿಸಿದರೆ? ಬಸ್ಸಿಗೆ ಹಿಡಿಯುವ ಹೊತ್ತು ಅಷ್ಟೇ, 9,000 ಸೆಕೆಂಡ್. 50,000 ಕೋಟಿ ಬೈಟನ್ನು ಎಂಟರಿಂದ ಗುಣಿಸಿ ಬಿಟ್ ಮಾಡಿ 9,000ದಿಂದ ಭಾಗಿಸಿದ, ಬಸ್ಸು ಡಾಟಾ ಸಾಗಿಸುವ ವೇಗ 444 ಎಂಬಿಪಿಎಸ್ ಬಂತು. ಕಾಪಿ ಮಾಡುವ ಹೊತ್ತನ್ನು ಸೇರಿಸಿ ಇನ್ನೊಂದು ಸಲ ಹಾಕು ಅಂದೆ. ಮುಂದಿನ ಸಾಲಿನ ಯಜಮಾನರು ಅವನಿಗಿಂತ ಮೊದಲೇ ಬಾಯಲ್ಲಿ ಭಾಗಾಕಾರ ಶುರು ಮಾಡಿದ್ದರು.